ಎಂಜಿನು ಬಿಚ್ಚಿ ನೋಡು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದ ಕಾಲಕ್ಕೆ ಲಾರಿಗಳಿರಲಿಲ್ಲ. ಇದ್ದಿದ್ದರೆ ಆ ಗಾದೆಗೆ ಮೂರನೆಯ ತುಂಡೊಂದು ಸೇರುತ್ತಿತ್ತು: ಹಳೆಯ ಎಂಜಿನು ಬಿಚ್ಚಿ ನೋಡು. ಮೂರು ಕಾರ್ಯಗಳ ಲಕ್ಷಣವೂ ಒಂದೇ. ಮೊದಲು ಹಾಕಿದ ಅಂದಾಜು ಕೊನೆಯವರೆಗೆ ನಿಲ್ಲುವುದಿಲ್ಲ. ನೋಡಲು ಬಂದವರೆಲ್ಲ ಸಲಹೆ ಕೊಟ್ಟು ಚಹಾ ಕುಡಿದು ಹೋಗುತ್ತಾರೆ. ಕಟ್ಟಕಡೆಗೆ ಎಲ್ಲರ ಕಣ್ಣೂ ಮನೆಯಾಕೆಯ ಕೈಬಳೆಯ ಮೇಲೆ ಬೀಳುತ್ತದೆ.

ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಕುರಕುಂಟಾದಂಥ ಊರುಗಳಲ್ಲಿ ಈ ಮಾತಿನ ಸತ್ಯ ಬಲು ಬೇಗ ತಿಳಿಯುತ್ತದೆ. ಅಲ್ಲಿಯ ನೆಲದಡಿಯಲ್ಲಿರುವುದು ಸುಣ್ಣದ ಕಲ್ಲು. ಅದನ್ನು ಹಲಗೆ ಹಲಗೆಯಾಗಿ ಎಬ್ಬಿಸಿದರೆ ನಾಡಿನ ಎಷ್ಟೋ ಮನೆಗಳ ನಡುಮನೆಗೆ ಹಾಸಿರುವ ಶಹಾಬಾದಿನ ಹಾಸುಗಲ್ಲು. ಅರೆದು ಸುಟ್ಟರೆ ಸಿಮೆಂಟು. ವಾಡಿ, ಮಳಖೇಡ, ಸೇಡಂಗಳಲ್ಲಿ ಸಿಮೆಂಟಿನ ಚಿಮಣಿಗಳೆದ್ದಂತೆ ಕುರಕುಂಟಾದಲ್ಲಿಯೂ ಭಾರತ ಸಿಮೆಂಟ್ ನಿಗಮದ ಕಾರ್ಖಾನೆಯೊಂದು 1972ರಲ್ಲಿ ಉತ್ಪಾದನೆಯನ್ನಾರಂಭಿಸಿತು, 1998ರಲ್ಲಿ ನಿಂತಿತು. ಕಾರ್ಖಾನೆ ನಿಂತರೂ ಅದನ್ನು ನಂಬಿ ಲಾರಿ ಕೊಂಡವರ ಹೊಟ್ಟೆ ನಿಲ್ಲುವುದಿಲ್ಲವಷ್ಟೆ. ಚೀಲ ಹೊತ್ತ ಲಾರಿ ಕಲ್ಲು ಹೊರಬೇಕು. ಕಲ್ಲಿಲ್ಲದ ದಿನ ತೊಗರಿ ಹೊರಬೇಕು. ಯಜಮಾನನಿಗೆ ವಯಸ್ಸಾದಂತೆ ಲಾರಿಗೂ ವಯಸ್ಸಾಗುತ್ತದೆ.

ಅಂಥದೊಂದು ಮನೆಯನ್ನು ವಾಚಕರು ಮನಸ್ಸಿನಲ್ಲಿಯೇ ಕಟ್ಟಿಕೊಳ್ಳಲಿ. ಹಾಸುಗಲ್ಲಿನ ಗೋಡೆ, ಮುಂದೆ ವಿಶಾಲವಾದ ಅಂಗಳ, ಮೂಲೆಯಲ್ಲೊಂದು ಬೇವಿನ ಮರ. ಮರದ ನೆರಳಿನಲ್ಲಿ ಟಾಟಾ 1210 ಲಾರಿ. 12 ಎಂಬುದು ಹೊರೆಸಹಿತವಾದ ಅದರ ತೂಕವನ್ನು ಟನ್ನುಗಳಲ್ಲಿಯೂ, 10 ಎಂಬುದು ಅದರ ಬಲ ನೂರು ಅಶ್ವಶಕ್ತಿಯ ಆಸುಪಾಸಿನದೆಂಬುದನ್ನೂ ಸೂಚಿಸುತ್ತದೆ. ಅದರೊಳಗಿನ ಎಂಜಿನಿನ ಹೆಸರು 697. ಈ ಹೆಸರಿನಲ್ಲಿಯೂ ಅರ್ಥವಿದೆ: ಸಿಲಿಂಡರುಗಳು 6, ಪ್ರತಿಯೊಂದರ ಒಳವ್ಯಾಸ 97 ಮಿಲಿಮೀಟರು. 1954ರಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಕಂಪೆನಿಯೊಡನೆ ಕೂಡಿ ಲಾರಿ ಕಟ್ಟಲಾರಂಭಿಸಿದರು. 1969ರಲ್ಲಿ ಆ ಒಪ್ಪಂದ ಮುಗಿಯಿತು, ಲಾರಿಯ ಮುಖದ ಮೇಲಿದ್ದ ಮೂರು ಮೊನೆಯ ನಕ್ಷತ್ರವೂ ಹೋಯಿತು. ಆದರೆ ಆ ಕುಲದ ಎಂಜಿನುಗಳು ನಮ್ಮ ರಸ್ತೆಗಳಲ್ಲಿ ಮನೆಮಗಳಾಗಿ ಉಳಿದುಕೊಂಡವು. ಅವುಗಳ ಬಿಡಿಭಾಗ ಸಿಕ್ಕದ ಪಟ್ಟಣವಿಲ್ಲ. ಅವುಗಳ ನಾಡಿ ಹಿಡಿಯಬಲ್ಲ ಉಸ್ತಾದನಿಲ್ಲದ ಹೆದ್ದಾರಿಯಿಲ್ಲ.

ಆ ಲಾರಿಗೆ ಈಗ ರೋಗ ಬಂದಿದೆ. ಬೆಳಗ್ಗೆ ಹಚ್ಚಿದರೆ ನೀಲಿ ಹೊಗೆ. ಎರಡು ದಿನಕ್ಕೊಮ್ಮೆ ಎಣ್ಣೆ ಕೇಳುತ್ತದೆ. ಎಣ್ಣೆ ಹಾಕುವ ಮುಚ್ಚಳವನ್ನು ತೆಗೆದರೆ ಒಳಗಿನಿಂದ ಉಬ್ಬಸದವನ ಹಾಗೆ ಬುಸ್ಸು ಬುಸ್ಸೆಂದು ಹಬೆ ಬರುತ್ತದೆ. ಕಲ್ಲು ತುಂಬಿದಾಗ ಸಣ್ಣ ಏರಿನಲ್ಲಿಯೂ ಗೇರು ಇಳಿಸದೆ ಗತ್ಯಂತರವಿಲ್ಲ. ಹಿಂದೆ ಬಂದ ಹೊಸ ಲಾರಿ ಹಾರನ್ನು ಬಾರಿಸಿ ದಾಟಿಹೋಗುವಾಗ ತಂದೆ ಕಿಟಕಿಯಾಚೆ ನೋಡುತ್ತಾನೆ. ಪಕ್ಕದಲ್ಲಿ ಕುಳಿತ ಮಗ ಹಲ್ಲು ಕಚ್ಚುತ್ತಾನೆ.

ಮಗ ಐ.ಟಿ.ಐ.ಯಲ್ಲಿ ಡೀಸೆಲ್ ಕಲಿತವನು. ಅಂಗಳದಲ್ಲಿಯೇ ಎಂಜಿನನ್ನು ಇಳಿಸಿ ಕಟ್ಟುವುದೆಂದು ನಿಶ್ಚಯವಾದ ದಿನ ಅವನು ಗುಜರಿ ಅಂಗಡಿಯೊಂದರಿಂದ ಮುಂಗಡ ಕೊಟ್ಟು ಒಂದು ವಸ್ತುವನ್ನು ತಂದು ಕಟ್ಟೆಯ ಮೇಲಿಟ್ಟ. ನೋಡುವುದಕ್ಕೆ ಎರಡು ಕಬ್ಬಿಣದ ಬಸವನಹುಳುಗಳು ಬೆನ್ನಿಗೆ ಬೆನ್ನು ಕೊಟ್ಟು ಮಲಗಿದಂತಿತ್ತು.

“ಅಪ್ಪಾ, ಹೆಂಗೂ ಬಿಚ್ಚಲಿಕ್ಕತ್ತೀವಿ. ಇದೊಂದು ಟರ್ಬೊ ಹಚ್ಚಿಬಿಡೋಣ. ಏರಿನಾಗ ಗೇರ್ ಇಳಸೋದು ತಪ್ತದ” ಎಂದ.

“ಮೊದಲ ಇದ್ದ ರೋಗ ಏನಂತ ನೋಡು, ತಮ್ಮಾ” ಎಂದಿಷ್ಟೇ ತಂದೆಯ ಉತ್ತರ.

ತಾಯಿ ಒಳಗಿನಿಂದಲೇ ಹೇಳಿದಳು: “ಬಳಿ ನಾ ಕೊಡ್ತೀನಿ. ಆದ್ರ ಯಾವುದಕ್ಕ ಕೊಟ್ಟೆ ಅಂತ ನನಗ ತಿಳೀಬೇಕು.”

ಆಕೆಯ ಪ್ರಶ್ನೆ ನ್ಯಾಯವಾದದ್ದು. ಬಳೆಗೆ ಬದಲಾಗಿ ಬರುವ ಈ ಬಸವನಹುಳು ಮಾಡುವ ಕೆಲಸವಾದರೂ ಏನು?

ಎಂಜಿನಿಗೂ ಮನುಷ್ಯನಿಗೂ ಒಂದು ಸಾಮ್ಯವುಂಟು: ಅನ್ನಕ್ಕಿಂತ ಹೆಚ್ಚಾಗಿ ಬೇಕಾದದ್ದು ಉಸಿರು. ಒಂದು ಲೀಟರು ಡೀಸೆಲು ಪೂರ್ತಿಯಾಗಿ ಉರಿಯಬೇಕಾದರೆ ಕಡಿಮೆಯೆಂದರೂ ಹತ್ತು ಸಾವಿರ ಲೀಟರಿನಷ್ಟು ಗಾಳಿ ಬೇಕು. 697ರ ಆರು ಸಿಲಿಂಡರುಗಳ ಒಟ್ಟು ಗಾತ್ರ 5675 ಘನ ಸೆಂಟಿಮೀಟರು. ನಿಮಿಷಕ್ಕೆ 2800 ಸುತ್ತು ತಿರುಗುವಾಗ ಅದು ಎಳೆದುಕೊಳ್ಳಬಲ್ಲ ಗಾಳಿ ಸುಮಾರು ಎಂಟು ಸಾವಿರ ಲೀಟರು. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯೊಂದರ ಗಾಳಿಯನ್ನೆಲ್ಲ ಅದು ಮೂರೂವರೆ ನಿಮಿಷದಲ್ಲಿ ಕುಡಿದು ಮುಗಿಸುತ್ತದೆ. ಅದಕ್ಕಿಂತ ಹೆಚ್ಚು ಬಲ ಬೇಕಾದರೆ ಹೆಚ್ಚು ಡೀಸೆಲು ಉರಿಯಬೇಕು. ಹೆಚ್ಚು ಡೀಸೆಲು ಉರಿಯಬೇಕಾದರೆ ಹೆಚ್ಚು ಗಾಳಿ ಬೇಕು. ಗಾಳಿಯನ್ನು ಹೆಚ್ಚಿಸದೆ ಪಂಪನ್ನಷ್ಟೇ ಏರಿಸಿದರೆ ಬರುವುದು ಬಲವಲ್ಲ, ಕರಿಯ ಹೊಗೆ.

ಈ ಗಾಳಿಯನ್ನು ಒತ್ತಿ ತುಂಬುವ ಉಪಾಯವೇ ಟರ್ಬೊ. ಸುಟ್ಟ ಡೀಸೆಲಿನ ಶಾಖದಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಹೊಗೆಕೊಳವೆಯಲ್ಲಿ ವ್ಯರ್ಥವಾಗಿ ಹೋಗುತ್ತದೆ. ಆ ಬಿಸಿ ಹೊಗೆಯಿಂದ ಒಂದು ಪುಟ್ಟ ಚಕ್ರವನ್ನು ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಹೊರಗಿನ ಗಾಳಿಯನ್ನು ಎಳೆದು ಸಿಲಿಂಡರಿಗೆ ಅಮುಕಬೇಕು. ಸ್ವಿಟ್ಜರ್ಲೆಂಡಿನ ಆಲ್‌ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರು ಈ ಉಪಾಯಕ್ಕೆ 1905ರಲ್ಲಿಯೇ ಪೇಟೆಂಟು ಪಡೆದನು. ಆದರೆ ಅದೇ ದೇಶದ ಸೌರರ್ ಕಂಪೆನಿ ಲಾರಿಯ ಡೀಸೆಲ್ ಎಂಜಿನಿಗೆ ಅದನ್ನು ಅಳವಡಿಸಿದ್ದು 1938ರಲ್ಲಿ; ಸ್ವೀಡನ್ನಿನ ವೋಲ್ವೊ ಲಾರಿಗೆ ಬಂದದ್ದು 1954ರಲ್ಲಿ. ಯುಕ್ತಿ ಹೊಳೆಯುವುದಕ್ಕೂ ಲಾರಿಗೆ ಏರುವುದಕ್ಕೂ ನಡುವೆ ಮೂವತ್ತಮೂರು ವರ್ಷ! ಕಾರಣ ಸರಳವಾದದ್ದು. ಆ ಪುಟ್ಟ ಚಕ್ರ ನಿಮಿಷಕ್ಕೆ ಒಂದು ಲಕ್ಷ ಸುತ್ತಿನವರೆಗೂ ತಿರುಗಬೇಕು. ತಿರುಗುವುದೂ 600 ಡಿಗ್ರಿಗೂ ಮೀರಿದ ಬೆಂಕಿಯ ಗಾಳಿಯಲ್ಲಿ. ಅದನ್ನು ತಾಳುವ ಲೋಹ, ಅದನ್ನು ತೇಲಿಸಿಡುವ ಎಣ್ಣೆಯ ಪದರ, ಅದರ ಒತ್ತಡಕ್ಕೆ ಬಾಗದ ಎಂಜಿನು—ಇವೆಲ್ಲ ಒಂದೊಂದಾಗಿ ಸಿದ್ಧವಾಗಬೇಕಾಗಿತ್ತು.

ಇತ್ತ ಅಂಗಳದಲ್ಲಿ ಮೂರು ಕಬ್ಬಿಣದ ಕಾಲುಗಳನ್ನು ಕೂಡಿಸಿ ಚೈನು ರಾಟೆ ಕಟ್ಟಿಯಾಯಿತು. ಸುಮಾರು ನಾಲ್ಕು ಕ್ವಿಂಟಲು ತೂಗುವ ಎಂಜಿನು ಎಣ್ಣೆ ತೊಟ್ಟಿಕ್ಕಿಸುತ್ತ ಗಾಳಿಯಲ್ಲಿ ತೂಗಿ ಮರದ ದಿಮ್ಮಿಗಳ ಮೇಲೆ ಇಳಿಯಿತು. ಬಿಚ್ಚುವ ಕೆಲಸಕ್ಕಿಂತ ಬಿಚ್ಚಿದ್ದನ್ನು ನೆನಪಿಡುವ ಕೆಲಸ ದೊಡ್ಡದು. ತಾಯಿ ಅಡುಗೆಮನೆಯ ಹಳೆಯ ಡಬ್ಬಿಗಳನ್ನು ತಂದು ಸಾಲಾಗಿ ಇಟ್ಟು, ಪ್ರತಿಯೊಂದಕ್ಕೂ ಚೀಟಿ ಅಂಟಿಸಿದಳು: ‘ಹೆಡ್ಡಿನ ಬೋಲ್ಟು’, ‘ವಾಲ್ವು—ಒಂದನೆಯ ಸಿಲಿಂಡರು’, ‘ವಾಲ್ವು—ಎರಡನೆಯದು’. ಒಂದು ಸಿಲಿಂಡರಿನ ಭಾಗ ಇನ್ನೊಂದಕ್ಕೆ ಹೋಗಕೂಡದು. ವರ್ಷಗಟ್ಟಲೆ ಜೊತೆಯಾಗಿ ಸವೆದವು ಜೊತೆಯಾಗಿಯೇ ಇರಬೇಕು. ಈ ತತ್ತ್ವವನ್ನು ಆಕೆಗೆ ಯಾರೂ ವಿವರಿಸಬೇಕಾಗಲಿಲ್ಲ.

ಹೆಡ್ಡಿನ ಬೋಲ್ಟುಗಳನ್ನು ಸಡಿಲಿಸುವುದು ತುದಿಗಳಿಂದ ನಡುವಿಗೆ. ಬಿಗಿಯುವಾಗ ನಡುವಿನಿಂದ ತುದಿಗಳಿಗೆ. ಈ ಕ್ರಮ ತಪ್ಪಿದರೆ ಹೆಡ್ಡು ಸೊಟ್ಟಗಾಗುತ್ತದೆ. ಹೆಡ್ಡು ಎದ್ದಾಗ ಒಳಗಿನದೆಲ್ಲ ಬಯಲಾಯಿತು. ಸಿಲಿಂಡರಿನ ಮೇಲಂಚಿನಲ್ಲಿ, ರಿಂಗು ತಲುಪದ ಭಾಗದಲ್ಲಿ, ಉಗುರಿಗೆ ತಗಲುವಷ್ಟು ಎತ್ತರದ ಮೆಟ್ಟಿಲು ನಿಂತಿತ್ತು. ಅದರ ಕೆಳಗಿನ ಗೋಡೆಯೆಲ್ಲ ಸವೆದಿದೆಯೆಂದು ಅದರರ್ಥ. ರಿಂಗಿನ ಎರಡು ತುದಿಗಳ ನಡುವೆ ಅರ್ಧ ಮಿಲಿಮೀಟರಿನ ಒಳಗೆ ಇರಬೇಕಾದ ಸಂದು ಅದರ ಹಲವು ಪಟ್ಟಾಗಿತ್ತು. ಉರಿಯ ಒತ್ತಡ ಆ ಸಂದಿನಿಂದ ಕೆಳಕ್ಕೆ ನುಸುಳಿ ಎಣ್ಣೆಯ ಮುಚ್ಚಳದಲ್ಲಿ ಬುಸುಗುಡುತ್ತಿತ್ತು. ಎಣ್ಣೆ ಅದೇ ದಾರಿಯಲ್ಲಿ ಮೇಲಕ್ಕೇರಿ ನೀಲಿ ಹೊಗೆಯಾಗುತ್ತಿತ್ತು.

ಆದರೆ ಸವೆತ ಇಷ್ಟು ಬೇಗ ಬಂದದ್ದೇಕೆ? ಸೇಡಮ್ಮಿನಿಂದ ಬಂದಿದ್ದ ವೃದ್ಧ ಉಸ್ತಾದ ಎಂಜಿನನ್ನು ನೋಡುವುದನ್ನು ಬಿಟ್ಟು ಲಾರಿಯ ಕಡೆಗೆ ನಡೆದ. ಗಾಳಿಶೋಧಕದಿಂದ ಎಂಜಿನಿಗೆ ಬರುವ ರಬ್ಬರು ಕೊಳವೆಯೊಳಗೆ ಬೆರಳಾಡಿಸಿ ಹೊರತೆಗೆದು, ಮಗನ ಅಂಗೈ ಮೇಲೆ ಉಜ್ಜಿದ. ಬೂದುಬಣ್ಣದ ನುಣುಪಾದ ಹುಡಿ. ಕೊಳವೆಯ ಕೆಳಮೈಯಲ್ಲಿ, ಕ್ಲಿಪ್ಪಿನ ಪಕ್ಕದಲ್ಲಿ, ಕಣ್ಣಿಗೆ ಬೀಳದ ಹಾಗೆ ಒಂದು ಸೀಳಿತ್ತು. ಕಲ್ಲಿನ ಗಣಿಯ ದಾರಿಯಲ್ಲಿ ಎದ್ದ ಧೂಳೆಲ್ಲ ಶೋಧಕಕ್ಕೆ ಹೋಗದೆ ಆ ಸೀಳಿನಿಂದ ನೇರವಾಗಿ ಸಿಲಿಂಡರಿಗೆ ಇಳಿದಿತ್ತು.

“ಇದಕ್ಕ ಉಸಿರು ಕಡಿಮಿ ಆಗಿಲ್ಲ ಬೇಟಾ. ಉಸಿರಿನಾಗ ಧೂಳು ಹೆಚ್ಚಾಗ್ಯದ” ಎಂದ ಉಸ್ತಾದ.

ಟರ್ಬೊ ಕೂಡಿಸಿದ್ದರೆ ಅದೇ ಸೀಳಿನಿಂದ ಇನ್ನೂ ಹೆಚ್ಚಿನ ರಭಸದಲ್ಲಿ ಧೂಳು ನುಗ್ಗುತ್ತಿತ್ತು. ಲಕ್ಷ ಸುತ್ತು ತಿರುಗುವ ಚಕ್ರದ ರೆಕ್ಕೆಗಳನ್ನು ಮೊದಲು ತಿಂದು ಆಮೇಲೆ ರಿಂಗುಗಳಿಗೆ ಕೈಯಿಕ್ಕುತ್ತಿತ್ತು.

ಮಗನಿಗೆ ಅವಮಾನವಾಯಿತಾದರೂ ಆಸೆ ಹೋಗಲಿಲ್ಲ. ಸೀಳನ್ನು ಸರಿಪಡಿಸಿದ ಮೇಲಾದರೂ ಟರ್ಬೊ ಹಾಕಬಹುದಲ್ಲವೆ? ಆ ರಾತ್ರಿ ಅವನು ತನ್ನ ಹಳೆಯ ಪುಸ್ತಕಗಳನ್ನು ತೆಗೆದು ಲೆಕ್ಕಕ್ಕೆ ಕುಳಿತ. ಲೆಕ್ಕ ಹೇಳಿದ್ದಿಷ್ಟು. ಬೇಸಿಗೆಯಲ್ಲಿ ಆ ಸೀಮೆಯ ಗಾಳಿಯೇ 40 ಡಿಗ್ರಿ. ಅದನ್ನು ವಾತಾವರಣದ ಒತ್ತಡದ 1.6 ಪಟ್ಟಿಗೆ ಅಮುಕಿದರೆ ಅಮುಕಿದ ಶ್ರಮಕ್ಕೇ ಅದು ಕಾದು 100 ಡಿಗ್ರಿ ದಾಟುತ್ತದೆ. ಕಾದ ಗಾಳಿ ಉಬ್ಬುತ್ತದೆ. ಆದ್ದರಿಂದ ನೂರಕ್ಕೆ 60ರಷ್ಟು ಹೆಚ್ಚು ಗಾಳಿ ದೊರೆಯಿತೆಂದು ಹಿಗ್ಗಿದವನ ಕೈಗೆ ನಿಜವಾಗಿ ಬರುವುದು 33ರಷ್ಟು. ಅದನ್ನು ನಡುವೆ ತಣಿಸಿ 60 ಡಿಗ್ರಿಗೆ ಇಳಿಸಿದರೆ ಲಾಭ 50ಕ್ಕೆ ಏರುವುದು ನಿಜ. ಆದರೆ ತಣಿಸುವುದಕ್ಕೆ ಮತ್ತೊಂದು ರೇಡಿಯೇಟರು, ಮತ್ತಷ್ಟು ಕೊಳವೆ, ಮತ್ತಷ್ಟು ಹಣ.

ಇನ್ನು ಒಳಗಿನ ಪಾಡು. ಇಂಥ ಎಂಜಿನಿನಲ್ಲಿ ಪಿಸ್ಟನ್ನು ಗಾಳಿಯನ್ನು ಹದಿನಾರು ಹದಿನೇಳು ಪಟ್ಟು ಒತ್ತಿ, ಆ ಶಾಖದಿಂದಲೇ ಡೀಸೆಲಿಗೆ ಬೆಂಕಿ ಹಿಡಿಸುತ್ತದೆ. ಮೊದಲೇ ಕಾದು ಮೊದಲೇ ಒತ್ತಿಸಿಕೊಂಡು ಬಂದ ಗಾಳಿಯನ್ನು ಮತ್ತೆ ಅಷ್ಟೇ ಪಟ್ಟು ಒತ್ತಿದರೆ ಪಿಸ್ಟನ್ನಿನ ತಲೆ, ಹೆಡ್ಡಿನ ಗ್ಯಾಸ್ಕೆಟ್ಟು, ಬೇರಿಂಗುಗಳು ಎಲ್ಲದರ ಮೇಲೂ ಭಾರ ಹೆಚ್ಚುತ್ತದೆ. 697ರ ಕುಲದಲ್ಲಿಯೇ ಟರ್ಬೊ ಸಹಿತವಾದ ಎಂಜಿನನ್ನು ಟಾಟಾದವರು ಮುಂದೆ 1613 ಲಾರಿಗಳಲ್ಲಿ ಹೊರತಂದರು. 130 ಅಶ್ವಶಕ್ತಿಯ ಆ ಲಾರಿಗಳು ರಸ್ತೆಯಲ್ಲಿ ಗೆದ್ದೂ ಗೆದ್ದವು. ಆದರೆ ಕಾರ್ಖಾನೆಯಲ್ಲಿ ಟರ್ಬೊ ಕೂಡಿಸುವುದೆಂದರೆ ಹಳೆಯ ಎಂಜಿನಿನ ಮೈಗೆ ಎರಡು ಬಸವನಹುಳು ಅಂಟಿಸುವುದಲ್ಲ. ಹೆಚ್ಚಿನ ಶಾಖಕ್ಕೆ ತಕ್ಕ ಪಿಸ್ಟನ್ನು, ತಕ್ಕ ಪಂಪು ಮತ್ತು ನಾಜಲ್ಲು, ತಕ್ಕ ಎಣ್ಣೆಯ ಏರ್ಪಾಟು, ತಕ್ಕ ತಂಪು—ಹೀಗೆ ಒಂದಕ್ಕೊಂದು ಹೊಂದಿಸಿಯೇ ಕೂಡಿಸಬೇಕು. ಎಂಜಿನಿನ ಬಲ ಹೆಚ್ಚಾದರೆ ಕ್ಲಚ್ಚು, ಗೇರು, ಅಚ್ಚು, ಬ್ರೇಕುಗಳೂ ಅದನ್ನು ತಾಳಬೇಕು. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬುದು ಇಲ್ಲಿ ಬರಿಯ ಗಾದೆಯಲ್ಲ, ಯಂತ್ರಶಾಸ್ತ್ರ.

ಕಾನೂನೂ ಒಂದುಂಟು. ತಯಾರಕರು ಮೊದಲು ನಿಗದಿಪಡಿಸಿ ನೋಂದಣಿ ಪತ್ರದಲ್ಲಿ ದಾಖಲಾದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಎಂಟು ವರ್ಷ ದಾಟಿದ ಲಾರಿ ಪ್ರತಿ ವರ್ಷವೂ ಯೋಗ್ಯತಾ ಪರೀಕ್ಷೆಗೆ ನಿಲ್ಲಬೇಕು. ಇದ್ದ ಎಂಜಿನನ್ನು ಇದ್ದಂತೆಯೇ ದುರಸ್ತಿ ಮಾಡಿಕೊಂಡವನು ಅಲ್ಲಿ ತಲೆಯೆತ್ತಿ ನಿಲ್ಲಬಹುದು. ಪತ್ರದಲ್ಲಿಲ್ಲದ ಬಲವನ್ನು ಹೊತ್ತು ಹೋದವನು ಪರೀಕ್ಷಕನಿಗೂ ಅಂಜಬೇಕು, ಅಪಘಾತವಾದ ದಿನ ವಿಮೆಯವರಿಗೂ ಅಂಜಬೇಕು.

ಕುರಕುಂಟಾ ಇರುವ ತಾಲ್ಲೂಕಿನಲ್ಲಿಯೇ ಕಾಗಿಣಾ ತೀರದ ಮಳಖೇಡವಿದೆ. ಅದು ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನು ರಚಿಸಿದ ‘ಕವಿರಾಜಮಾರ್ಗ’ವನ್ನು ಬಿ.ಎ. ತರಗತಿಯಲ್ಲಿ ಕಷ್ಟಪಟ್ಟು ಓದಿದವರಿಗೆ ಅದರ ಮೂರು ಪರಿಚ್ಛೇದಗಳ ಕ್ರಮ ನೆನಪಿರಬಹುದು. ಶಬ್ದಾಲಂಕಾರ ಎರಡನೆಯದರಲ್ಲಿ, ಅರ್ಥಾಲಂಕಾರ ಮೂರನೆಯದರಲ್ಲಿ. ಮೊದಲನೆಯ ಪರಿಚ್ಛೇದವೆಲ್ಲ ಯಾವುದು ದೋಷ, ಯಾವುದು ದೋಷವಲ್ಲ ಎಂಬುದರ ವಿಚಾರ. ದೋಷ ಕಳೆದ ಮೇಲಲ್ಲವೆ ಅಲಂಕಾರ! ಮಾನ್ಯಖೇಟದ ಆ ಪಂಡಿತನಿಗೂ ಸೇಡಮ್ಮಿನ ಈ ಉಸ್ತಾದನಿಗೂ ನಡುವೆ ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಅಂತರವಿದೆ. ಅಭಿಪ್ರಾಯಭೇದ ಮಾತ್ರ ಇಲ್ಲ.

ಬೆಳಗ್ಗೆ ಮಗ ಲೆಕ್ಕದ ಹಾಳೆಯನ್ನು ತಾಯಿಯ ಮುಂದಿಟ್ಟ. ಒಂದು ಪಕ್ಕದಲ್ಲಿ ಟರ್ಬೊವಿಗೆ ಬೇಕಾದದ್ದು, ಇನ್ನೊಂದು ಪಕ್ಕದಲ್ಲಿ ಎಂಜಿನಿಗೆ ಬೇಕಾದದ್ದು. ಬಳೆಗಳು ಒಂದೇ ಪಕ್ಕಕ್ಕೆ ಸಾಲುವಂತಿದ್ದವು.

“ಈ ಕಡಿದು” ಎಂದು ಅವನೇ ಎರಡನೆಯ ಪಕ್ಕವನ್ನು ತೋರಿಸಿದ. ತಾಯಿ ಬಳೆ ಕಳಚಿ ಕೊಟ್ಟಳು. ತಂದೆ ಏನೂ ಹೇಳಲಿಲ್ಲ. ಎದ್ದು ಹೋಗಿ ಕೊಳವೆಯ ಹಳೆಯ ಕ್ಲಿಪ್ಪುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತ ಕುಳಿತ. ಆ ಸೀಳನ್ನು ತಾನೇ ಮೊದಲು ಕಾಣಬೇಕಾಗಿತ್ತೆಂಬ ಸಂಕಟ ಅವನದು.

ಮನೆಯಲ್ಲಿ ಎಂಜಿನು ಕಟ್ಟುವುದೆಂದರೆ ಎಲ್ಲವನ್ನೂ ಮನೆಯಲ್ಲಿಯೇ ಮಾಡುವುದೆಂದಲ್ಲ. ಬಿಚ್ಚುವುದು, ತೊಳೆಯುವುದು, ಅಳೆಯುವುದು, ಕೂಡಿಸುವುದು ಮನೆಯ ಕೆಲಸ. ಕ್ರ್ಯಾಂಕನ್ನು ಗ್ರೈಂಡು ಮಾಡುವುದು, ಹೊಸ ಲೈನರುಗಳನ್ನು ಇಳಿಸುವುದು, ಹೆಡ್ಡಿನಲ್ಲಿ ಬಿರುಕಿದೆಯೇ ಎಂದು ಪರೀಕ್ಷಿಸುವುದು, ಪಂಪನ್ನೂ ನಾಜಲ್ಲುಗಳನ್ನೂ ಅಳತೆಗೆ ತರುವುದು ಪಟ್ಟಣದ ಯಂತ್ರಗಳ ಕೆಲಸ. ಕ್ರ್ಯಾಂಕು ಕಲಬುರಗಿಗೆ ಹೋಗಿ 0.25 ಮಿಲಿಮೀಟರು ತೆಳ್ಳಗಾಗಿ ಬಂದಿತು. ಅಷ್ಟೇ ದಪ್ಪ ಹೆಚ್ಚಿದ ಬೇರಿಂಗುಗಳು ಅದರ ಜೊತೆಗೆ ಬಂದವು. ಬೇರಿಂಗಿಗೂ ಕ್ರ್ಯಾಂಕಿಗೂ ನಡುವೆ ಉಳಿಯಬೇಕಾದ ಎಡೆ ಹೆಚ್ಚುಕಡಿಮೆ ಒಂದು ತಲೆಗೂದಲಿನಷ್ಟು. ಆ ಕೂದಲೆಳೆಯ ಜಾಗದಲ್ಲಿ ನಿಂತ ಎಣ್ಣೆಯೇ ಹನ್ನೆರಡು ಟನ್ನಿನ ಲಾರಿಯನ್ನು ಹೊರುತ್ತದೆ. ಆದಕಾರಣವೇ ಆ ಮೂರು ದಿನ ಅಂಗಳದಲ್ಲಿ ಕಸ ಗುಡಿಸುವುದು ನಿಷಿದ್ಧವಾಯಿತು. ಕೂಡಿಸುವ ಭಾಗಗಳ ಮೇಲೆ ತಾಯಿಯ ಒಗೆದ ಹತ್ತಿಯ ಸೀರೆ ಹೊದೆದಿತ್ತು.

ರಿಂಗುಗಳ ಸಂದುಗಳು ಒಂದರ ಕೆಳಗೊಂದು ಬಾರದಂತೆ ತಿರುಗಿಸಿ ಪಿಸ್ಟನ್ನುಗಳನ್ನು ಇಳಿಸಿದರು. ಬೋಲ್ಟುಗಳನ್ನು ಒಂದೇ ಸಲಕ್ಕೆ ಬಿಗಿಯದೆ, ಅಳತೆಯ ಪಾನಾ ಹಿಡಿದು ಮೂರು ಸುತ್ತಿನಲ್ಲಿ ಬಿಗಿದರು. ಟ್ಯಾಪೆಟ್ಟು ಹೊಂದಿಸಿದರು. ಡಬ್ಬಿಗಳು ಒಂದೊಂದಾಗಿ ಬರಿದಾದವು. ಕೊನೆಗೆ ಯಾವ ಡಬ್ಬಿಯಲ್ಲಿಯೂ ಒಂದು ವಾಷರೂ ಮಿಗಲಿಲ್ಲ. ತಾಯಿ ಅದನ್ನು ಎರಡು ಸಲ ನೋಡಿ ಖಚಿತಪಡಿಸಿಕೊಂಡಳು.

ಹಚ್ಚುವ ದಿನ ಬಂದಿತು. ಮೊದಲು ಡೀಸೆಲನ್ನು ತಡೆದು, ಎಣ್ಣೆಯ ಒತ್ತಡ ಏರುವವರೆಗೆ ಎಂಜಿನನ್ನು ಬರಿದೆ ತಿರುಗಿಸಿದರು. ಆಮೇಲೆ ಡೀಸೆಲಿನ ಕೊಳವೆಗಳಲ್ಲಿ ಸೇರಿದ್ದ ಗಾಳಿಯನ್ನು ಬಿಟ್ಟರು. ಚಾವಿ ತಿರುಗಿತು. ಒಂದು ಕೆಮ್ಮು, ಎರಡು ಕೆಮ್ಮು. ಆರೂ ಸಿಲಿಂಡರುಗಳು ಒಂದು ದನಿಯಾದವು. ಮೊದಲಿಗೆ ಬಿಳಿಯ ಹೊಗೆ ಬಂದಿತು, ತೆಳುವಾಯಿತು, ಕಾಣದಾಯಿತು. ತಂದೆ ಎಣ್ಣೆಯ ಮುಚ್ಚಳವನ್ನು ತೆಗೆದು ಅಂಗೈ ಅಡ್ಡ ಹಿಡಿದ. ಬುಸುಗುಟ್ಟುವಿಕೆ ಇಲ್ಲ. ಮಗನ ಕೈಯನ್ನು ಹಿಡಿದೆಳೆದು ಅವನ ಅಂಗೈಯನ್ನೂ ಅಲ್ಲಿಯೇ ಇಟ್ಟ. ಇಬ್ಬರೂ ಬಹಳ ಹೊತ್ತು ಹಾಗೆಯೇ ನಿಂತರು.

ಹೊಸ ರಿಂಗುಗಳು ಹೊಸ ಗೋಡೆಗೆ ಹೊಂದಿಕೊಳ್ಳಲು ಮೊದಲ ಸಾವಿರ, ಎರಡು ಸಾವಿರ ಕಿಲೋಮೀಟರು ಹಗುರವಾದ ಹೊರೆಯಲ್ಲಿಯೇ ಓಡಬೇಕು. ಅದಾದ ಮೇಲೆ ಒಂದು ದಿನ ಲಾರಿ ಕಲ್ಲು ಹೇರಿಕೊಂಡು ಹೊರಟಿತು. ಏರು ಬಂದಿತು. ಮಗ ಗೇರು ಇಳಿಸಲೇಬೇಕಾಯಿತು. ನೂರು ಅಶ್ವಶಕ್ತಿಯ ಎಂಜಿನು ನೂರು ಅಶ್ವಶಕ್ತಿಯದೇ. ಆದರೆ ಈ ಸಲ ಒಂದೇ ಗೇರು ಇಳಿಯಿತು, ಹಿಂದೆ ಎರಡು ಇಳಿಯುತ್ತಿತ್ತು. ಹೊಸ ಲಾರಿಯೊಂದು ಹಾರನ್ನು ಬಾರಿಸಿ ದಾಟಿಹೋಯಿತು. ಮಗ ಕನ್ನಡಿಯಲ್ಲಿ ತನ್ನ ಹೊಗೆಯನ್ನು ನೋಡಿಕೊಂಡ. ನೋಡುವುದಕ್ಕೆ ಹೊಗೆಯೇ ಇರಲಿಲ್ಲ.

ಬಸವನಹುಳುವಿನ ಕಥೆಯನ್ನು ಹೇಳದೆ ಬಿಟ್ಟರೆ ವಾಚಕರು ಕೇಳದೆ ಬಿಡಲಾರರು. ಅದು ಗುಜರಿ ಅಂಗಡಿಗೆ ಹಿಂದಿರುಗಿತು. ಅಂಗಡಿಯವನು ಮುಂಗಡವನ್ನು ನಗದಾಗಿ ಹಿಂದಕ್ಕೆ ಕೊಡಲೊಪ್ಪಲಿಲ್ಲ. ಅದಕ್ಕೆ ಬದಲಾಗಿ ಬೇಕಾದ ಸಾಮಾನು ಒಯ್ಯಬಹುದೆಂದ. ಮಗ ಒಂದು ಹೊಸ ರಬ್ಬರು ಕೊಳವೆಯನ್ನೂ ನಾಲ್ಕು ಕ್ಲಿಪ್ಪುಗಳನ್ನೂ ತಂದ. ಎರಡು ಕ್ಲಿಪ್ಪುಗಳು ಲಾರಿಗೆ ಹೋದವು. ಮಿಕ್ಕೆರಡನ್ನು ತಾಯಿ ಒಂದು ಡಬ್ಬಿಗೆ ಹಾಕಿ, ಚೀಟಿ ಅಂಟಿಸಿ, ಅಡುಗೆಮನೆಯ ಮಾಡದಲ್ಲಿ ಕೈಗೆ ಸಿಕ್ಕುವಂತೆ ಇಟ್ಟಿದ್ದಾಳೆ.